ಪುಸ್ತಕದೊಳಗಿನ ಫೋನ್

ನೀವು ಒಪ್ಪಿಸುತ್ತಿದ್ದ ಪಾಠವನ್ನು ನಾನು ನೋಡುತ್ತಿರಲಿಲ್ಲ. ಪುಸ್ತಕ ಹಿಡಿದು ಕೂತು "ಸರಿ, ಮುಂದೆ" ಎನ್ನುತ್ತಿದ್ದೆ, ಅಷ್ಟೆ. ಪುಸ್ತಕದ ಒಳಗೆ ನನ್ನ ಫೋನ್ ಇರುತ್ತಿತ್ತು. ಇದನ್ನು ನಿಮಗೆ ಹೇಳಲು ಎರಡು ವರ್ಷ ಸಮಯವಿತ್ತು. ಹೇಳಲಿಲ್ಲ. ನೀವು ಹೋಗಿ ಏಳು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ.

ಮೊದಲಿನಿಂದ ಹೇಳುತ್ತೇನೆ. ನಿಮಗೆ ಎಲ್ಲವೂ ಮೊದಲಿನಿಂದಲೇ ಬೇಕಿತ್ತು.

ಡೆಟ್ರಾಯಿಟ್ ಹತ್ತಿರದ ಆಬರ್ನ್ ಹಿಲ್ಸ್‌ನಲ್ಲಿ ಮೂವತ್ತು ವರ್ಷ ಕಾರುಗಳ ಬ್ರೇಕ್ ಪರೀಕ್ಷೆ ಮಾಡಿ ನಿವೃತ್ತರಾದಿರಿ. ಮಗಳು ರಶ್ಮಿಯ ಮನೆಗೆ ಹತ್ತಿರವಿರಲೆಂದು ನಾವು ನೇಪರ್‌ವಿಲ್‌ಗೆ ಬಂದೆವು. ಮೊಮ್ಮಗಳು ನಿಧಿ ಶಾಲೆಯಲ್ಲಿ ಫ್ರೆಂಚ್ ತೆಗೆದುಕೊಂಡಾಗ, ಜೊತೆಗೆ ಕಲಿಯುತ್ತೇನೆ ಎಂದು ನೀವೂ ಹೊರಟಿರಿ. ಅವಳು ಪರೀಕ್ಷೆ ಬರೆದು ಮುಗಿಸಿದಳು. ನೀವು ನಿಲ್ಲಿಸಲಿಲ್ಲ. ಹೋಗಿ ಹೋಗಿ ಇಂಪರ್ಫೆಕ್ಟ್ ಸಬ್‌ಜಂಕ್ಟಿವ್ ಎಂಬಲ್ಲಿಗೆ ಬಂದು ಮುಟ್ಟಿದಿರಿ.

"ತಾತ, ನೋಬಡಿ ಸೇಸ್ ದಟ್! ನಮ್ಮ ಟೀಚರ್ರೇ ಸ್ಕಿಪ್ ಮಾಡಿದ್ರು," ಎಂದು ನಿಧಿ ನಕ್ಕಿದ್ದಳು.

"ಯಾರೂ ಆಡಲ್ಲ ಅಂತಲೇ ಕಲೀತಿರೋದು ಪುಟ್ಟಿ. ಕಾಂಪಿಟಿಷನ್ನೇ ಇಲ್ಲ ನೋಡು," ಎಂದಿರಿ.

ಅದು ಏನೆಂದು ನನಗೂ ವಿವರಿಸಿದಿರಿ. ಹಿಂದೊಮ್ಮೆ ಹೀಗಾಗಲಿ ಎಂದು ಬಯಸಿದ್ದಕ್ಕೆ, ಹೀಗಾದರೇನು ಗತಿ ಎಂದು ಹೆದರಿದ್ದಕ್ಕೆ ಫ್ರೆಂಚರು ಕ್ರಿಯಾಪದಕ್ಕೆ ಬೇರೆಯೇ ರೂಪ ಕೊಟ್ಟಿದ್ದಾರೆ; ಈಗ ಅದು ಹಳೆಯ ಪುಸ್ತಕಗಳಲ್ಲಿ ಮಾತ್ರ ಉಳಿದಿದೆ. ನನಗೆ ಅರ್ಥವಾಗಿದ್ದು ಅಷ್ಟು. ಮೈಸೂರಿನಲ್ಲಿ ಪಿಯುಸಿ ಮುಗಿಸಿ ಮದುವೆಯಾದವಳು ನಾನು. ಫ್ರೆಂಚ್ ಇರಲಿ, ಇಂಗ್ಲಿಷಿನ ವ್ಯಾಕರಣವೂ ನನಗೆ ದೂರ.

ಆದರೆ ನಿಮಗೆ ಕಲಿಯುವುದೆಂದರೆ ಒಪ್ಪಿಸುವುದು. ಚಿಕ್ಕಂದಿನಲ್ಲಿ ಮಗ್ಗಿ ಒಪ್ಪಿಸಿದ ಹಾಗೆ — ಎದುರಿಗೆ ಒಬ್ಬರು ಪುಸ್ತಕ ಹಿಡಿದು ಕೂರಬೇಕು, ನೀವು ಕೈಕಟ್ಟಿ ನಿಂತು ಹೇಳಬೇಕು. ನನಗೆ ಓದಲು ಬರಲೆಂದು ಪ್ರತಿಯೊಂದು ಪದದ ಪಕ್ಕದಲ್ಲೂ ಪೆನ್ಸಿಲಿನಲ್ಲಿ ಕನ್ನಡ ಅಕ್ಷರಗಳಲ್ಲಿ ಉಚ್ಚಾರಣೆ ಬರೆದಿರಿ. ನಿಧಿ ಫೋನಿನಲ್ಲಿ ಕೇಳಿಸಿದಳು, ನೀವು ಬರೆದುಕೊಂಡಿರಿ. ಇಡೀ ಒಂದು ಚಳಿಗಾಲ ಹಿಡಿಯಿತು ಆ ಕೆಲಸ.

"ತಪ್ಪಿದ್ರೆ ತಪ್ಪು ಅನ್ಬೇಕು ಕಣೇ ಸುಮಾ. ಗಂಡ ಅಂತ ಪಾಸ್ ಮಾಡ್ಬೇಡ."

"ಫೇಲ್ ಮಾಡಕ್ಕೆ ನಂಗೇನು ಸಂಕಟ? ಶುರು ಮಾಡಿ," ಎಂದೆ.

ಮೊದಲ ಕೆಲವು ತಿಂಗಳು ನಿಜವಾಗಿಯೂ ನೋಡಿದೆ. ಬೆರಳಿಟ್ಟು ನೋಡಿದೆ. ಬೆಳಗಿನ ಕಾಫಿಯಾದ ಮೇಲೆ ನೀವು ಕಿಟಕಿಯ ಹತ್ತಿರ ನಿಂತು "ಪಾರ್ಲಾಸ್, ಪಾರ್ಲಾಸ್, ಪಾರ್ಲಾ" ಎನ್ನುತ್ತಿದ್ದರೆ ನನಗೆ ನಗು ತಡೆಯಲಾಗುತ್ತಿರಲಿಲ್ಲ. ಆಮೇಲೆ — ಬೇಸರ ಬಂತು. ಅದಕ್ಕಿಂತ ದೊಡ್ಡ ಕಾರಣವೇನೂ ಇಲ್ಲ. ನಮ್ಮ ಬೆಳಗು ಮೈಸೂರಿನ ಸಂಜೆ. ನನ್ನ ಅಕ್ಕ ಮೆಸೇಜ್ ಕಳಿಸುವ ಹೊತ್ತು. ಒಂದು ದಿನ ಫೋನನ್ನು ಪುಸ್ತಕದ ಮಧ್ಯೆ ಇಟ್ಟುಕೊಂಡೆ. ಮರುದಿನವೂ. ನಿಮ್ಮ ಧ್ವನಿ ನಿಂತಾಗ "ಸರಿ, ಮುಂದೆ" ಎನ್ನುವುದು ಅಭ್ಯಾಸವಾಯಿತು. ನೀವು ಖುಷಿಯಿಂದ ನೋಟ್‌ಬುಕ್ಕಿನಲ್ಲಿ ಟಿಕ್ ಹಾಕಿಕೊಳ್ಳುತ್ತಿದ್ದಿರಿ. ನಾನು ಸರಿ ಎಂದದ್ದನ್ನು ನೀವು ಮತ್ತೆ ತೆಗೆದು ನೋಡುತ್ತಿರಲಿಲ್ಲ. ಬ್ರೇಕನ್ನು ಮೂರು ಸಲ ಪರೀಕ್ಷಿಸದೆ ಬಿಡದ ನೀವು, ನನ್ನನ್ನು ಒಂದು ಸಲವೂ ಪರೀಕ್ಷಿಸಲಿಲ್ಲ.

ಡೌನರ್ಸ್ ಗ್ರೋವ್‌ನ ಲೈಬ್ರರಿಯಲ್ಲಿ ಫ್ರೆಂಚ್ ಕಲಿಯುವ ಹಿರಿಯರ ಗುಂಪಿತ್ತಲ್ಲ, ತಿಂಗಳಿಗೊಂದು ಶನಿವಾರ ಸೇರುವುದು. ನಡೆಸುವವರು ನಿವೃತ್ತ ಟೀಚರ್, ಬಿಳಿಗೂದಲಿನ ಮೃದು ಹೆಂಗಸು. ಪ್ರತಿಯೊಬ್ಬರೂ ಒಂದು ಪುಟ ಸ್ವಂತದ್ದು ಬರೆದು ಓದಬೇಕೆಂದರು. ನೀವು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿರಿ. ನಾನು ಎಲ್ಲರಿಗೂ ಚಕ್ಕುಲಿ ಮಾಡಿಕೊಂಡು ಬಂದಿದ್ದೆ.

ನೀವು ಓದುತ್ತಿದ್ದಾಗ ಆಕೆ ಬೆರಳೆತ್ತಿ ಒಂದು ಪದವನ್ನು ತಿದ್ದಿದರು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪದ. ಮತ್ತೊಮ್ಮೆ. ನೀವು ನಿಂತುಬಿಟ್ಟಿರಿ. ಹಾಳೆ ನೋಡಿದಿರಿ, ಅವರನ್ನು ನೋಡಿದಿರಿ. "ಮನೆಯಲ್ಲಿ ದಿನಾ ಸರಿಯಾಗಿ ಹೇಳುತ್ತೇನೆ. ನನ್ನ ಹೆಂಡತಿ ಪುಸ್ತಕ ಹಿಡಿದು ನೋಡುತ್ತಾಳೆ," ಎಂದಿರಿ ಇಂಗ್ಲಿಷಿನಲ್ಲಿ.

ಎಲ್ಲರೂ ನನ್ನ ಕಡೆ ತಿರುಗಿದರು. ಅಷ್ಟು ಜನರ ಎದುರಿಗೆ — ನನ್ನ ಮಡಿಲಲ್ಲಿ ಚಕ್ಕುಲಿ ಡಬ್ಬಿ —

"ಯೆಸ್. ಎವೆರಿ ಡೇ ಕರೆಕ್ಟ್," ಎಂದೆ.

ಅಲ್ಲಿಗೇ ಮುಗಿದಿದ್ದರೆ ಸಣ್ಣ ಸುಳ್ಳು. ಮುಗಿಯಲಿಲ್ಲ. ಮನೆಗೆ ಹೊರಟಾಗ ಕಾರು ಓಡಿಸುತ್ತಿದ್ದವರು ನೀವೇ. ಯೋಚನೆಯಲ್ಲಿ, ಹೈವೇಯಿಂದ ಇಳಿಯಬೇಕಿದ್ದ ನಮ್ಮ ಎಕ್ಸಿಟ್ ದಾಟಿ ಮುಂದೆ ಹೋದಿರಿ. ಆಮೇಲೆ ಹೇಳಿದಿರಿ:

"ನನ್ನ ತಲೆ ಕೈಕೊಡ್ತಾ ಇದೆ ಕಣೇ. ಬೆಳಿಗ್ಗೆ ಸರಿಯಾಗಿ ಹೇಳಿದ್ದು ಮಧ್ಯಾಹ್ನಕ್ಕೆ ಇಲ್ಲ. ಅಪ್ಪಂಗೂ ಹೀಗೇ ಶುರುವಾಗಿದ್ದು."

ನಿಮ್ಮ ತಂದೆ ಕೊನೆಗಾಲದಲ್ಲಿ ನಿಮ್ಮನ್ನೇ ಗುರುತಿಸದೆ "ಯಾರಪ್ಪ ನೀನು" ಎಂದು ಕೇಳುತ್ತಿದ್ದುದು ನನಗೆ ಗೊತ್ತು. ಆ ಪ್ರಶ್ನೆಗೆ ನೀವು ಎಷ್ಟು ಹೆದರುತ್ತಿದ್ದಿರೆಂದೂ ಗೊತ್ತು. ಬೆಳಿಗ್ಗೆ ನೀವು ಸರಿಯಾಗಿ ಹೇಳಿರಲೇ ಇಲ್ಲ, ನಾನು ಕೇಳಿರಲೇ ಇಲ್ಲ — ಇಷ್ಟು ಹೇಳಿದ್ದರೆ ಸಾಕಿತ್ತು. ಬೈಯುತ್ತಿದ್ದಿರಿ. ಎರಡು ದಿನ ಮುಖ ಊದಿಸಿಕೊಂಡಿರುತ್ತಿದ್ದಿರಿ. ನಾನು ಹೇಳಿದ್ದು, "ವಯಸ್ಸಾಯ್ತಲ್ರೀ, ಆಗತ್ತೆ ಬಿಡಿ."

ಮಾರನೆಯ ವಾರ, ಇನ್ನು ಓಡಿಸುವುದಿಲ್ಲ ಎಂದು ನಿಮ್ಮ ಕಾರಿನ ಕೀ ರಶ್ಮಿಯ ಕೈಗೆ ಕೊಟ್ಟಿರಿ. ಮರೆವಿನ ಪರೀಕ್ಷೆಗೆಂದು ಡಾಕ್ಟರು ಗಡಿಯಾರದ ಚಿತ್ರ ಬರೆಸಿದರು, ನೂರರಿಂದ ಏಳೇಳು ಕಳೆಯಿಸಿದರು, ಎಲ್ಲ ಚೆನ್ನಾಗಿದೆ ಎಂದರು. "ನನಗಾಗಿರೋದು ಅವರ ಟೆಸ್ಟಿಗೆ ಸಿಗೋದಲ್ಲ," ಎಂದು ನೀವು ನಂಬಲಿಲ್ಲ. ನಿಮ್ಮ ಹತ್ತಿರ ಸಾಕ್ಷಿ ಇತ್ತಲ್ಲ — ನಾನು. ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದಿರಿ: ಸಾಸಿವೆ, ಮೆಂತ್ಯ, ಕಡಲೆಬೇಳೆ. ಫ್ರೆಂಚ್ ಪುಸ್ತಕಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದಿರಿ. ನಾನು ಟೇಪ್ ಹಚ್ಚಿಕೊಟ್ಟೆ.

ಆ ಎರಡು ವರ್ಷ ದುಃಖದ್ದಾಗಿತ್ತು ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಅಂಗಡಿಗಿಂತ ದೂರ ಎಂದೂ ಓಡಿಸದ ನಾನು ಹೈವೇ ಮೇಲೆ ಓಡಿಸುವುದನ್ನು ಕಲಿತೆ. ನೀವು ಪಕ್ಕದಲ್ಲಿ ಕೂತು ನನ್ನ ಬ್ರೇಕ್ ಹಾಕುವ ರೀತಿಗೆ ಅಂಕ ಕೊಡುತ್ತಿದ್ದಿರಿ. "ಇಷ್ಟು ವರ್ಷ ರಸ್ತೆ ಮಾತ್ರ ನೋಡಿದೆ ಕಣೇ. ಎರಡೂ ಕಡೆ ಇಷ್ಟೊಂದು ಮರ ಇದೆ ಅಂತ ಗೊತ್ತೇ ಇರ್ಲಿಲ್ಲ," ಎಂದಿದ್ದಿರಿ ಒಂದು ಅಕ್ಟೋಬರ್‌ನಲ್ಲಿ. ನಾವು ಚೆನ್ನಾಗಿದ್ದೆವು. ಅದೇ ಕಾರಣಕ್ಕೆ ಹೇಳುವುದನ್ನು ಮುಂದೆ ಹಾಕಿದೆ — ಇವತ್ತು ನಗುತ್ತಿದ್ದಾರೆ, ನಾಳೆ ಹೇಳೋಣ. ಒಂದು ಮಧ್ಯಾಹ್ನ ಊಟ ಮಾಡಿ ಕುರ್ಚಿಯಲ್ಲಿ ಒರಗಿದವರು ಏಳಲಿಲ್ಲ. ಹೃದಯ, ಎಂದರು. ತಲೆ ಕೊನೆಯ ದಿನದವರೆಗೂ ನೆಟ್ಟಗಿತ್ತು. ಅದು ನನಗೆ ಗೊತ್ತಿತ್ತು. ನಿಮಗೆ ಗೊತ್ತಿರಲಿಲ್ಲ.

ಕಳೆದ ತಿಂಗಳು ಆ ಪೆಟ್ಟಿಗೆ ಬಿಚ್ಚಿದೆ. ಪುಸ್ತಕವನ್ನೂ ನಿಮ್ಮ ನೋಟ್‌ಬುಕ್ಕನ್ನೂ ಪಕ್ಕಪಕ್ಕ ಇಟ್ಟು, ಮೊದಲೇ ಮಾಡಬೇಕಿದ್ದ ಕೆಲಸವನ್ನು ಮಾಡಿದೆ — ಬೆರಳಿಟ್ಟು, ಒಂದೊಂದೇ ಅಕ್ಷರ. ತಪ್ಪು ಎಲ್ಲೆಂದು ಹುಡುಕಲು ಫ್ರೆಂಚ್ ಬೇಕಾಗಲಿಲ್ಲ. 'ಬರು' ಎನ್ನುವ ಕ್ರಿಯಾಪದ. ಪುಸ್ತಕದಲ್ಲಿ ನಾಲ್ಕು ಅಕ್ಷರ, ನೋಟ್‌ಬುಕ್ಕಿನಲ್ಲಿ ಐದು. ಪುಸ್ತಕದ ಅಂಚಿನಲ್ಲಿ ನಿಮ್ಮ ಪೆನ್ಸಿಲ್ 'ವ್ಯಾಂ' ಎಂದು ಕನ್ನಡದಲ್ಲಿ ಬರೆದಿತ್ತು. ನೀವು ಹೇಳುತ್ತಿದ್ದುದು 'ವೆನಿ'. ನನ್ನ ಕಿವಿಯಲ್ಲಿ ಈಗಲೂ ಇದೆ, 'ವೆನಿ'. ಪಕ್ಕದಲ್ಲಿ ಟಿಕ್, ಟಿಕ್, ಟಿಕ್ — ಅಷ್ಟು ದಿನದ ಟಿಕ್‌ಗಳು.

ಲೈಬ್ರರಿಯಲ್ಲಿ ಓದಿದ ಹಾಳೆಯೂ ಅದರೊಳಗೇ ಇತ್ತು. ನಿಧಿಯನ್ನು ಕರೆದು ಅರ್ಥ ಹೇಳಿಸಿದೆ. ಆ ಪುಟ ಯಾವುದರ ಬಗ್ಗೆ ಎಂದು ನಾನು ಕೇಳಿಯೇ ಇರಲಿಲ್ಲ ನೋಡಿ. ಅವಳು ಓದುತ್ತಾ ಓದುತ್ತಾ ನಿಧಾನವಾದಳು.

"ಅಜ್ಜಿ, ದಿಸ್ ಈಸ್ ಅಬೌಟ್ ಯೂ."

ಡೆಟ್ರಾಯಿಟ್ ವಿಮಾನ ನಿಲ್ದಾಣ, ಹಿಮ ಬೀಳುವ ದಿನ. ಮದುವೆಯಾಗಿ ಎಂಟು ತಿಂಗಳ ಮೇಲೆ ವೀಸಾ ಸಿಕ್ಕಿ ನಾನು ಒಬ್ಬಳೇ ಬರುತ್ತಿದ್ದೇನೆ. ವಿಮಾನ ತಡ. ನೀವು ನನಗಾಗಿ ತಂದ ಕೋಟು ಹಿಡಿದು ಕಾಯುತ್ತಿದ್ದೀರಿ. ನೀವು ಬರೆದದ್ದು: ಅವಳು ಬರಲಿ ಎಂದು ಬಯಸಿದೆ. ಅವಳು ಬರದೆ ಹೋದಾಳೆಂದು ಹೆದರಿದೆ. ಅವಳು ಬರುತ್ತಾಳೆಂದು ನಂಬಲಾಗಲಿಲ್ಲ. ಮೂರು ಸಲ 'ಬರು'. ಆಕೆ ಬೆರಳೆತ್ತಿದ ಮೂರು ಜಾಗ.

ಅತ್ತುಬಿಟ್ಟೆ. ನಿಧಿಗೆ ಎಲ್ಲ ಹೇಳಿದೆ, ರಶ್ಮಿಗೂ ಹೇಳಿದೆ. ರಶ್ಮಿ, "ಹೇಳ್ಬೇಕಿತ್ತಮ್ಮ ಅಪ್ಪಂಗೆ," ಎಂದಳು. ಹೌದು, ಹೇಳಬೇಕಿತ್ತು.

ಬರುವ ಶನಿವಾರ ಡೌನರ್ಸ್ ಗ್ರೋವ್‌ಗೆ ನಾನೇ ಡ್ರೈವ್ ಮಾಡಿಕೊಂಡು ಹೋಗುತ್ತೇನೆ. ಟೀಚರಿಗೆ ಫೋನ್ ಮಾಡಿ ಕೇಳಿದ್ದೇನೆ. ಅಂದು ಕರೆಕ್ಟ್ ಎಂದವಳು ಪುಸ್ತಕವನ್ನೇ ನೋಡಿರಲಿಲ್ಲ ಎಂದು ಮೊದಲು ಆ ಜನರೆದುರಿಗೇ ಹೇಳಿ, ಆಮೇಲೆ ನಿಮ್ಮ ಪುಟವನ್ನು ಓದುತ್ತೇನೆ, ಮೂರು ಪದ ತಿದ್ದಿಕೊಂಡು. ಚಕ್ಕುಲಿಯನ್ನೂ ಮಾಡುತ್ತೇನೆ, ಸಾಸಿವೆ ಎಂದು ಬರೆದ ನಿಮ್ಮ ಚೀಟಿಯ ಪಕ್ಕದಲ್ಲೇ ಅಕ್ಕಿಹಿಟ್ಟಿನ ಡಬ್ಬಿ ಇದೆ.

ದಿನಾ ಬೆಳಿಗ್ಗೆ ನಿಧಿ ಬರುತ್ತಾಳೆ. ನಾನು ಕಿಟಕಿಯ ಹತ್ತಿರ ಕೈಕಟ್ಟಿ ನಿಲ್ಲುತ್ತೇನೆ. ಅವಳು ಎದುರಿಗೆ ಕೂತು ಪುಸ್ತಕ ಹಿಡಿಯುತ್ತಾಳೆ, ಪೆನ್ಸಿಲಿನ ಸಾಲಿನ ಮೇಲೆ ಬೆರಳಿಟ್ಟು. ಇವತ್ತು ಏಳು ಸಲ "ತಪ್ಪು, ಅಜ್ಜಿ" ಎಂದಳು. ಒಂದನ್ನೂ ಸುಮ್ಮನೆ ಬಿಡಲಿಲ್ಲ.