ಜಗಳ ನಡೆಸಿಕೊಡುತ್ತಿದ್ದ ಯಮುನಾ ಮೇಡಂ

ಇಬ್ಬರು ಜಗಳವಾಡುವುದನ್ನು ಕಂಡರೆ ಯಮುನಾ ಮೇಡಂ ಅವರ ಮುಖ ಅರಳುತ್ತಿತ್ತು. ಅವರಿಗೆ ಬೇಕಾದದ್ದು ಜಗಳ ನಿಲ್ಲುವುದಲ್ಲ, ಸರಿಯಾಗಿ ನಡೆಯುವುದು. ಒಮ್ಮೆ ಉಡುಪಿಯ ಬಸ್ಸಿನಲ್ಲಿ ಕಂಡಕ್ಟರನೂ ಮೀನಿನ ಬುಟ್ಟಿಯ ಹೆಂಗಸೂ ಕೂಗಾಡುತ್ತಿದ್ದಾಗ ಮೇಡಂ ಸೀಟಿನಿಂದ ಎದ್ದರು. "ಕಂಡಕ್ಟರೇ, ಅವರು ಹೇಳಿದ್ದು ಎಂತ ಅಂತ ಮೊದಲು ನೀವು ಹೇಳಿ. ಅವರು ಹೌದು ಅಂದ ಮೇಲೆ ಬೈಯಿರಿ."

ಕಂಡಕ್ಟರ್ ತಬ್ಬಿಬ್ಬಾದ. "ಬುಟ್ಟಿಯನ್ನು ಮೇಲೆ ಇಟ್ಟರೆ ನೀರು ಸೋರ್ತದೆ, ಅದಕ್ಕೆ ಕಾಲಬುಡದಲ್ಲಿ ಇಟ್ಟದ್ದು ಅಂತಾರೆ" ಎಂದ. ಅಷ್ಟು ಹೇಳುವಾಗಲೇ ಅವನ ಸಿಟ್ಟು ಇಳಿದುಹೋಗಿತ್ತು. ಬಸ್ಸಿಗೆ ಬಸ್ಸೇ ನಕ್ಕಿತು.

ಎಪ್ಪತ್ತರ ದಶಕದ ಕೊನೆಯಲ್ಲಿ ಅವರು ನಮ್ಮ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ತಂಗಿಯೊಂದಿಗೆ ಅಂಬಲಪಾಡಿಯಲ್ಲಿ ವಾಸ. ಗಿಡ್ಡ ದೇಹ, ದಪ್ಪ ಕನ್ನಡಕ, ಸೆರಗಿನ ತುಂಬ ಸೀಮೆಸುಣ್ಣದ ಪುಡಿ.

ನಾನು ಅಲೆವೂರಿನವಳು, ನನ್ನ ಗೆಳತಿ ಗ್ರೇಸಿ ಕಾಪುವಿನವಳು. ವಿಕಾಸವಾದದ ಪಾಠ ಶುರುವಾದ ದಿನ ಗ್ರೇಸಿ ಎದ್ದು ನಿಂತು, ದೇವರು ಆರು ದಿನಗಳಲ್ಲಿ ಲೋಕವನ್ನು ಸೃಷ್ಟಿಸಿದನೆಂದು ತಮ್ಮ ಮನೆಯಲ್ಲಿ ನಂಬುತ್ತಾರೆ ಎಂದಳು. ನಾನು ಹಿಂದೆಮುಂದೆ ನೋಡದೆ, "ಏಳನೇ ದಿನ ಗಾರೆ ಕೆಲಸದವರಿಗೆ ರಜೆಯಾ?" ಎಂದುಬಿಟ್ಟೆ. ತರಗತಿ ಗೊಳ್ಳೆಂದಿತು. ಮರುದಿನದಿಂದ ಗ್ರೇಸಿ ಬೇರೆ ಬೆಂಚಿನಲ್ಲಿ ಕುಳಿತಳು. ನನ್ನ ಜೊತೆ ಮಾತೂ ನಿಂತಿತು.

ಮೇಡಂ ಬೈಯಲಿಲ್ಲ. ಕಾಲೇಜಿನ ವಿಚಾರಗೋಷ್ಠಿಯಲ್ಲಿ ಸೃಷ್ಟಿವಾದಿಗಳ ನಂಬಿಕೆಯನ್ನು ವಿವರಿಸುವ ಕೆಲಸವನ್ನು ನನಗೇ ಕೊಟ್ಟರು. ನಾಲ್ಕು ಪುಟ ಬರೆದು ಒಯ್ದೆ. ಓದಿ, ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು ನಕ್ಕರು. "ನೀನು ಬರೆದಷ್ಟು ದಡ್ಡ ಮನುಷ್ಯ ಎಲ್ಲಿದ್ದಾನೆ ಮಾರಾಯ್ತಿ? ಇವನನ್ನು ದೇವರು ಮಾಡಿದ್ದಲ್ಲ, ವಿಕಾಸವೂ ಮಾಡಿದ್ದಲ್ಲ. ನೀನೇ ಮಾಡಿದ್ದು! ಭಾನುವಾರ ಕಾಪುವಿಗೆ ಹೋಗುವ, ನಿಜವಾದವರನ್ನು ಕೇಳುವ."

ಗ್ರೇಸಿಯ ತಂದೆ ಸ್ಯಾಮುವೆಲ್ ಮಾಸ್ತರರು ನಿವೃತ್ತ ಶಾಲಾ ಶಿಕ್ಷಕರು. ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಬಂದವರು ಕೋಟನ್ನೂ ಕಳಚದೆ ಜಗಲಿಯಲ್ಲಿ ಕುಳಿತರು. ನಾನು ಪೆನ್ನು ಹಿಡಿದೆ.

"ಆರು ದಿನ ಅಂದ್ರೆ ನನಗೆ ಆರು ದಿನವೇ. ಭೂಮಿಗೆ ಕೆಲವೇ ಸಾವಿರ ವರ್ಷ. ಹಾಗಂತ ಎಂತದೂ ಬದಲಾಗುವುದಿಲ್ಲ ಅಂತ ನಾನು ಹೇಳುವುದಿಲ್ಲ. ನಾಯಿಯಲ್ಲಿ ನೂರು ಬಗೆ ಆಗಬಹುದು. ಆದರೆ ನಾಯಿಯ ಮೂಲ ಬೇರೆ, ಬೆಕ್ಕಿನದ್ದು ಬೇರೆ. ಮನುಷ್ಯನನ್ನಂತೂ ದೇವರು ಬೇರೆಯಾಗಿಯೇ ಮಾಡಿದ್ದು."

"ಎಲ್ಲ ಕ್ರೈಸ್ತರೂ ಹೀಗೇ ಹೇಳ್ತಾರಾ?" ಎಂದು ಕೇಳಿದೆ.

"ಛೆ! ನನ್ನ ತಮ್ಮ ಒಂದು ದಿನ ಅಂದ್ರೆ ಒಂದು ಯುಗ ಅಂತಾನೆ. ವಿಕಾಸವೇ ದೇವರು ಸೃಷ್ಟಿಸಿದ ರೀತಿ ಅನ್ನುವ ಪಾದ್ರಿಗಳೂ ಇದ್ದಾರೆ. ಅದಿರಲಿ, ನಿಮ್ಮ ಮನೆಯಲ್ಲಿ ಎಂತ ಹೇಳ್ತಾರೆ?"

ನಾನು ತಡವರಿಸಿದೆ. "ಅಜ್ಜಿ ಬ್ರಹ್ಮ ಅಂತಾರೆ. ಅಪ್ಪ ಗೊತ್ತಿಲ್ಲ ಅಂತಾರೆ."

"ನೋಡಿ, ನಿಮ್ಮಲ್ಲಿಯೂ ಒಂದೇ ಉತ್ತರ ಇಲ್ಲ!" ಎಂದು ಮಾಸ್ತರರು ತೊಡೆ ತಟ್ಟಿ ನಕ್ಕರು. ಆಮೇಲೆ ಮೆಲ್ಲಗೆ ಹೇಳಿದರು: "ನನ್ನನ್ನು ಯಾರೋ ಬೇಕೆಂದೇ ಮಾಡಿದ್ದಾರೆ ಅಂತ ನೆನಪಾದರೆ ಬೆಳಿಗ್ಗೆ ಏಳಲಿಕ್ಕೇ ಒಂದು ಸಂತೋಷ, ಮಗೂ."

ನನ್ನ ನಾಲ್ಕು ಪುಟಗಳಲ್ಲಿ ಆ ಸಂತೋಷದ ಸುದ್ದಿಯೇ ಇರಲಿಲ್ಲ. ಹೊರಡುವಾಗ ಬಾಗಿಲಲ್ಲಿ ಗ್ರೇಸಿಯ ಕೈ ಹಿಡಿದು ತಪ್ಪಾಯಿತೆಂದೆ. ಅವಳು ಗಂಭೀರವಾಗಿ, "ಗಾರೆಯವರಿಗೂ ರಜೆ ಬೇಕಲ್ವಾ?" ಎಂದವಳು ತಡೆಯಲಾರದೆ ನಕ್ಕುಬಿಟ್ಟಳು.

ಗೋಷ್ಠಿಯ ದಿನ ಮಾಸ್ತರರು ಮುಂದಿನ ಸಾಲಿನಲ್ಲಿದ್ದರು. ಹೊಸದಾಗಿ ಬರೆದುಕೊಂಡದ್ದನ್ನು ಓದಿದೆ. ಅವರು ಎದ್ದು, "ಇದಕ್ಕಿಂತ ಚೆನ್ನಾಗಿ ನನಗೂ ಹೇಳಲಿಕ್ಕೆ ಬರುವುದಿಲ್ಲ" ಎಂದಾಗ ಮೇಡಂ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ತಟ್ಟಿದವರೇ ವೇದಿಕೆ ಹತ್ತಿದರು. "ಈಗ ನನ್ನ ಸರದಿ ಮಾಸ್ತ್ರೇ. ಭೂಮಿ ಬಹಳ ಹಳೆಯದು, ಜೀವಿಗಳೆಲ್ಲ ಒಂದೇ ಬೇರಿನ ನೆಂಟರು. ಪುರಾವೆ ಉಂಟು" ಎಂದು ಹಲ್ಲೂ ಗರಿಯೂ ಇದ್ದ ಪ್ರಾಚೀನ ಜೀವಿಯ ಪಳೆಯುಳಿಕೆಯ ಚಿತ್ರ ಬಿಡಿಸಿದರು. "ಅದೂ ಒಂದು ಜಾತಿಯ ಹಕ್ಕಿಯೇ!" ಎಂದರು ಮಾಸ್ತರರು. ಇಬ್ಬರೂ ಬಸ್ ಸ್ಟಾಪಿನವರೆಗೆ ವಾದಿಸುತ್ತಾ ಹೋದರು. ಮೂರು ಬಸ್ಸು ತಪ್ಪಿತು.

ಆ ವಾದ ಮುಗಿಯಲೇ ಇಲ್ಲ. ಶನಿವಾರ ಬಂದರೆ ಮಾಸ್ತರರು ಅಂಬಲಪಾಡಿಗೆ ಹಾಜರು. ಒಬ್ಬರು ಇನ್ನೊಬ್ಬರನ್ನು ಒಪ್ಪಿಸಿದ್ದು ನನಗೆ ಗೊತ್ತಿಲ್ಲ. ಮೇಡಂ ಅವರ ತಂಗಿ ಎರಡೆರಡು ಸಲ ಚಾ ಕುದಿಸಿ ಸುಸ್ತಾಗುತ್ತಿದ್ದದ್ದಂತೂ ನಿಜ.

ನಾನು ಕಾರ್ಕಳದಲ್ಲಿ ವಿಜ್ಞಾನ ಕಲಿಸಲು ಸೇರಿ ಕೆಲವು ವರ್ಷಗಳಾದ ಮೇಲೆ, ಎಂಬತ್ತರ ದಶಕದ ನಡುವೆ, ಮೇಡಂ ಅಲ್ಪಕಾಲದ ಕಾಯಿಲೆಯಿಂದ ತೀರಿಕೊಂಡರು. ಗ್ರೇಸಿಯೂ ನಾನೂ ಅಂಬಲಪಾಡಿಗೆ ಹೋದೆವು. ಮಾಸ್ತರರು ಆಗಲೇ ಬಂದು ಜಗಲಿಯ ತುದಿಯಲ್ಲಿ ಕುಳಿತಿದ್ದರು.

"ಮನೆಯಲ್ಲಿ ನಾನು ಹೇಳಿದ್ದಕ್ಕೆಲ್ಲ ಹೂಂ ಅಂತಾರೆ" ಎಂದರು. "ಸರಿಯಾಗಿ ಕೇಳಿಸಿಕೊಂಡು ಅಲ್ಲ ಅನ್ನುವವರು ಇವರೊಬ್ಬರೇ ಇದ್ದದ್ದು."

"ಶನಿವಾರ ನಾನು ಕಾಪುವಿಗೆ ಬರ್ತೇನೆ ಮಾಸ್ತ್ರೇ" ಎಂದೆ.

ಅವರು ತಲೆಯೆತ್ತಿ ನನ್ನನ್ನು ಅಳೆಯುವಂತೆ ನೋಡಿದರು. ಒದ್ದೆಯಾಗಿದ್ದ ಕಣ್ಣುಗಳಲ್ಲಿ ನಗು ಮೂಡಿತು.

"ಬಾ. ಆದರೆ ಓದಿಕೊಂಡು ಬಾ."