ಎಲ್ಲರಿಗೂ ಒಂದೇ ಅಂಗಿ

ನಮ್ಮ ಸಭೆಯಲ್ಲಿ ಬೋಧಿಸಿದವರು, ಹಾಡಿಸಿದವರು, ಕಟ್ಟಡ ಕಟ್ಟಿಸಿದವರು ಹಲವರಿದ್ದಾರೆ. ಅವರ ಹೆಸರುಗಳು ಗೋಡೆಯ ಕಲ್ಲುಗಳ ಮೇಲಿವೆ. ಬಲಿಪೀಠದ ಬಟ್ಟೆಯಿಂದ ಗಾಯಕರ ನಿಲುವಂಗಿಯವರೆಗೆ ಎಲ್ಲವನ್ನೂ ಮೂವತ್ತಾರು ವರ್ಷ ಒಗೆದು, ತೇಪೆ ಹಾಕಿ, ಇಸ್ತ್ರಿ ಮಾಡಿ ಕಾಪಾಡಿದವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಹೆಗಲ ಮೇಲೆ ಸದಾ ಒಂದೆಳೆ ದಾರ ಅಂಟಿಕೊಂಡಿರುತ್ತಿದ್ದುದರಿಂದ ನಾವೆಲ್ಲ ಅವರನ್ನು ದಾರದಕ್ಕ ಎಂದೇ ಕರೆದೆವು. ಈ ತಿಂಗಳು ಅವರು ಬಟ್ಟೆ ಬೀರುವಿನ ಬೀಗದ ಕೈ ಒಪ್ಪಿಸಿ ವಿಶ್ರಾಂತಿ ಪಡೆಯುತ್ತಿದ್ದಾರೆ. ನಾನು ಸಭೆಯ ಬಡಗಿ, ಪೆನ್ನಿಗಿಂತ ಉಳಿ ಹಿಡಿದು ಪಳಗಿದವನು. ಆದರೂ ಇದನ್ನು ನಾನೇ ಬರೆಯಬೇಕು, ಏಕೆಂದರೆ ಅವರ ಕೆಲಸಕ್ಕೆ ಒಮ್ಮೆ ಅಡ್ಡ ಬಂದವನೂ ನಾನೇ.

ಹರಿದ ಪರದೆಯೊಂದನ್ನು ಹೊಲಿಯಲು ತರುಣಿ ದರ್ಜಿಯಾಗಿ ಬಂದ ಅಕ್ಕ ನಮ್ಮ ಸಭೆಯಲ್ಲೇ ಉಳಿದರು. ಅವರ ವಶಕ್ಕೆ ಬಂದದ್ದರಲ್ಲಿ ಅತಿ ಹಳೆಯದು ದೀಕ್ಷಾಸ್ನಾನದ ಬಿಳಿ ಅಂಗಿ. ವೈದ್ಯರ ಮಗುವಾಗಲಿ, ಕಸ ಗುಡಿಸುವವರ ಮಗುವಾಗಲಿ, ಆ ದಿನ ತೊಡುವುದು ಅದನ್ನೇ. ತೊಟ್ಟ ಪ್ರತಿ ಮಗುವಿಗೂ ಅಂಚಿನಲ್ಲಿ ಬಿಳಿ ದಾರದ ಒಂದು ಪುಟ್ಟ ಶಿಲುಬೆ.

ಒಂಬತ್ತು ವರ್ಷದ ಹಿಂದೆ ಸಮಿತಿಯಲ್ಲಿ ನಾನು ದೊಡ್ಡ ಗಂಟಲಿನಲ್ಲಿ ಹೇಳಿದೆ: “ಒಬ್ಬರು ಹಾಕಿದ್ದನ್ನ ಇನ್ನೊಬ್ಬರು ಹಾಕೋದು ಯಾವ ಕಾಲದ್ದು? ಅಂಗಡೀಲಿ ಒಳ್ಳೊಳ್ಳೆ ಅಂಗಿ ಸಿಗುತ್ತೆ.” ಎಲ್ಲರೂ ತಲೆಯಾಡಿಸಿದರು. ಅಕ್ಕ ವಾದಿಸಲಿಲ್ಲ. “ಆಯ್ತು ತಮ್ಮ. ಬೀರುವಿನ ಬಾಗಿಲು ಕಿರುಗುಟ್ಟುತ್ತೆ, ಅದನ್ನಾದ್ರೂ ಸರಿ ಮಾಡು” ಎಂದರು. ಎರಡು ವರ್ಷ ಆ ಅಂಗಿ ಹೊರಗೆ ಬರಲಿಲ್ಲ.

ಆಮೇಲೆ, ಮಕ್ಕಳಿಲ್ಲದ ನಮ್ಮ ಮನೆಗೆ ಆರು ವರ್ಷದ ಮಗಳನ್ನು ದತ್ತು ತಂದುಕೊಂಡೆವು. ಅದಕ್ಕೂ ಮೊದಲು ಎರಡು ಮನೆಯವರು ಕರೆದೊಯ್ದು ಹಿಂದಿರುಗಿಸಿದ್ದ ಮಗು. ಲೋಟ ಕೊಟ್ಟರೂ ಹೊದಿಕೆ ಕೊಟ್ಟರೂ ಕೇಳುತ್ತಿದ್ದುದು ಒಂದೇ: “ಇದನ್ನ ವಾಪಸ್ ಕೊಡಬೇಕಾ?” ದೀಕ್ಷಾಸ್ನಾನಕ್ಕೆಂದು ನಾನು ತಂದ ಹೊಸ ಫ್ರಾಕಿನ ಅಂಗಡಿ ಚೀಟಿಯನ್ನು ಕೀಳಲು ಬಿಡಲಿಲ್ಲ. “ಇರಲಿ, ನಾನು ಹೋಗೋವಾಗ ಅಂಗಡಿಯವರು ಕೇಳ್ತಾರೆ” ಎಂದಳು. ನನ್ನ ಹೆಂಡತಿ ಅಡುಗೆಮನೆಗೆ ಹೋಗಿ ಅತ್ತಳು.

ವಿಷಯ ತಿಳಿದ ಅಕ್ಕ ಅಂದೇ ಸಂಜೆ ಹಳೆಯ ಅಂಗಿಯೊಡನೆ ಬಂದರು.

“ಕೂಸಿನ ಅಂಗಿ ಅಕ್ಕ, ಇವಳ ತೋಳಿಗೂ ಸಾಲಲ್ಲ.”

“ಮೇಜು ಸಾಲದಿದ್ರೆ ನೀನು ಹಲಗೆ ಜೋಡಿಸ್ತೀಯೋ, ನೆಂಟರನ್ನ ಓಡಿಸ್ತೀಯೋ?”

ಅಕ್ಕ ನೆಲದ ಮೇಲೆ ಕುಳಿತು ಪಕ್ಕದ ಹೊಲಿಗೆ ಬಿಚ್ಚಿ, ಬಲಿಪೀಠದ ಹಳೆಯ ಬಟ್ಟೆಯ ತುಂಡುಗಳನ್ನು ಅಳತೆಗೆ ಹಿಡಿದರು. ಮಗಳು ಎಂದಿನ ಪ್ರಶ್ನೆ ಕೇಳಿದಳು. ಅಕ್ಕ ಸುಳ್ಳು ಹೇಳಲಿಲ್ಲ.

“ಹೂಂ ಪುಟ್ಟಿ, ಅಂಗಿ ವಾಪಸ್ ಕೊಡಬೇಕು. ಎಲ್ಲರೂ ಕೊಟ್ಟಿದ್ದಾರೆ. ನಿನ್ನಪ್ಪನೂ ಕೊಟ್ಟಿದ್ದಾನೆ. ನೋಡು ಅವನ ಶಿಲುಬೆ, ಅವನ ಹಾಗೇ ಸೊಟ್ಟಗಿದೆ.”

“ನನ್ನದು?”

“ಅವನದರ ಕೆಳಗೆ ಜಾಗ ಇದೆ. ಒಂದ್ಸಲ ಹೊಲಿದ ಮೇಲೆ ನಾನು ಯಾರದ್ದನ್ನೂ ಬಿಚ್ಚಿಲ್ಲ.”

ಆ ಭಾನುವಾರ ಮಗಳು ನಮ್ಮೆಲ್ಲರ ಅಂಗಿಯಲ್ಲಿ ಸಭೆಯ ಮುಂದೆ ನಿಂತಳು. ಆರಾಧನೆಯ ನಂತರ ಅಕ್ಕನ ಕೈ ಮೇಲೆ ಕೈಯಿಟ್ಟು ತನ್ನ ಶಿಲುಬೆಯನ್ನು ತಾನೇ ಹೊಲಿದಳು. ಮನೆಗೆ ಬಂದವಳೇ ಕತ್ತರಿ ಹುಡುಕಿ, ಫ್ರಾಕಿನ ಚೀಟಿ ಕತ್ತರಿಸಿ ಬಿಸಾಡಿ, ಅದನ್ನು ತೊಟ್ಟು ಅಂಗಳದ ಮಣ್ಣಿಗೆ ಇಳಿದಳು. ಫ್ರಾಕು ಹಾಳಾಯಿತು. ನಾವು ಗದರಲಿಲ್ಲ.

ಮುಂದಿನ ಸಮಿತಿಯಲ್ಲಿ ನನ್ನ ಮಾತನ್ನು ನಾನೇ ಹಿಂದೆಗೆದುಕೊಂಡೆ. ಅಂಗಿ ಮತ್ತೆ ಬಳಕೆಗೆ ಬಂತು. ಹಳೆಯದೆಂಬ ಒಂದೇ ಕಾರಣಕ್ಕೆ ಎಲ್ಲ ಪದ್ಧತಿಯೂ ಉಳಿಯಬೇಕೆಂದು ಇಂದಿಗೂ ನಾನು ಹೇಳುವುದಿಲ್ಲ. ದೇವರು ನಿನ್ನನ್ನು ಕೈಬಿಡುವುದಿಲ್ಲವೆಂದು ಆ ಮಗುವಿಗೆ ನಾವು ನೂರು ಸಲ ಹೇಳಿದ್ದೆವು. ಅವಳು ನಂಬಿದ್ದು ಬೆರಳಿಗೆ ಸಿಕ್ಕ ಹೊಲಿಗೆಯನ್ನು. ದೊಡ್ಡವರಾದ ನಮಗೂ ನಂಬಿಕೆ ಜಾರುವ ದಿನಗಳಿರುತ್ತವೆ. ಆಗ ಹಿಡಿದುಕೊಳ್ಳಲು ಹಿರಿಯರು ಬಿಟ್ಟುಹೋದ ಹಿಡಿಕೆಗಳೇ ನಮ್ಮ ಪದ್ಧತಿಗಳು. ಸಡಿಲವಾದರೆ ಬಿಗಿ ಮಾಡಬೇಕು, ಚಿಕ್ಕದಾದರೆ ಜೋಡಿಸಬೇಕು. ಇದನ್ನು ನನಗೆ ಕಲಿಸಿದ್ದು ದಾರದಕ್ಕ.

ಹಳೆಯ ಅಂಚು ಈಗ ಶಿಲುಬೆಗಳಿಂದ ತುಂಬಿದೆ. ಬೀಗದ ಕೈ ಒಪ್ಪಿಸುವ ಮೊದಲು ಅಕ್ಕ ಅದಕ್ಕೆ ನಾಲ್ಕು ಬೆರಳಗಲದ ಹೊಸ ಪಟ್ಟಿ ಸೇರಿಸಿದ್ದಾರೆ. ಸೂಜಿಗೆ ದಾರ ಪೋಣಿಸಿಕೊಟ್ಟವಳು ಹದಿಮೂರಾದ ನನ್ನ ಮಗಳು. ಆ ಪಟ್ಟಿ ತುಂಬುವವರೆಗೂ ನಮ್ಮ ಅಕ್ಕ ಮುಂದಿನ ಬೆಂಚಿನಲ್ಲಿ ಆರೋಗ್ಯದಿಂದ ಕುಳಿತು, ಸೊಟ್ಟ ಹೊಲಿಗೆ ಹಾಕುವವರನ್ನೆಲ್ಲ ಗದರುತ್ತಿರಲಿ. ಮಕ್ಕಳು ನಿಧಾನವಾಗಿ ಹುಟ್ಟಿದರೂ ನಮಗೆ ಅವಸರವಿಲ್ಲ.