ಅಂಗೈ ಕೆಳಗಿನ ನಾಲ್ಕು ಉತ್ತರ

ಸುಹರಾ ಟೀಚರಿಗೆ ಸರಕಾರಿ ಕೆಲಸ ಸಿಕ್ಕಿದ್ದು ನನ್ನ ವಾದದ ಬಲದಿಂದ ಎಂದು ಕುಂಜತ್ತೂರಿನಲ್ಲಿ ಹೇಳುವವರಿದ್ದಾರೆ. ಮುಖ್ಯವಾಗಿ ನನ್ನ ಅಮ್ಮ. ಸಾಕ್ಷಿ ಎಲ್ಲಿ ಎಂದು ಕೇಳಿದರೆ ಶೋಕೇಸಿನಲ್ಲಿರುವ ನನ್ನ ಚರ್ಚಾಸ್ಪರ್ಧೆಯ ಕಪ್ಪುಗಳನ್ನು ತೋರಿಸುತ್ತಾರೆ. ಕಥೆಯಲ್ಲಿ ನನಗೆ ಒಳ್ಳೆಯ ಪಾತ್ರ ಇರುವುದರಿಂದ ನಾನೂ ಅದನ್ನು ಬಹಳ ಕಾಲ ಅಲ್ಲಗಳೆಯಲು ಹೋಗಲಿಲ್ಲ. ಆದರೆ ಊರಿನವರ ಮಾತಿನಲ್ಲೆಲ್ಲ ತೂತು ಹುಡುಕುವವಳು ತನ್ನನ್ನು ಹೊಗಳುವ ಮಾತನ್ನು ಮಾತ್ರ ಹಾಗೇ ನುಂಗಿದರೆ ಅದಕ್ಕೆ ಏನು ಹೆಸರಿಡಬೇಕು?

ಟೀಚರನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಅವರ ಎಡ ಅಂಗೈ. ಬೇಕರಿಯ ಮೇಲಿನ ಕೋಣೆಯಲ್ಲಿ ಸಂಜೆ ನಮ್ಮ ಕೋಚಿಂಗ್ ಕ್ಲಾಸು. ನಾನು ಲಾ ಎಂಟ್ರೆನ್ಸಿಗೆಂದು ಸೇರಿದ್ದೆ, ಉಳಿದವರು ಬೇರೆ ಬೇರೆ ಪರೀಕ್ಷೆಗಳಿಗೆ. ಎಲ್ಲರಿಗೂ ಸಮಾನವಾದ ಶತ್ರು ಎಂದರೆ ಪದಗಳ ಜೋಡಿಯ ಪ್ರಶ್ನೆ: ಮೊದಲ ಎರಡು ಪದಗಳಿಗೆ ಇರುವ ನಂಟೇ ಮೂರನೆಯದಕ್ಕೂ ನಾಲ್ಕನೆಯದಕ್ಕೂ ಇರಬೇಕು, ನಾಲ್ಕನೆಯದನ್ನು ಕೊಟ್ಟ ಉತ್ತರಗಳಿಂದ ಆರಿಸಬೇಕು. ಟೀಚರ್ ಪುಸ್ತಕ ಹಿಡಿದು ಬೆಂಚಿನ ಬಳಿಗೆ ಬರುತ್ತಿದ್ದರು. ಪ್ರಶ್ನೆ ಕಾಣುತ್ತಿತ್ತು, ಉತ್ತರಗಳ ಮೇಲೆ ಸೀಮೆಸುಣ್ಣ ಮೆತ್ತಿದ ಅಂಗೈ.

"ಮೊದಲು ಒಂದು ವಾಕ್ಯ ಮಾಡು. ಮತ್ತೆ ಕೈ ತೆಗೀತೇನೆ."

ಎರಡು ಪದಗಳನ್ನು ಸೇರಿಸಿ ಒಂದು ವಾಕ್ಯ, ಅದೇ ವಾಕ್ಯದಲ್ಲಿ ಮೂರನೆಯ ಪದವನ್ನು ಕೂರಿಸಿ ನೋಡುವುದು. ಇಷ್ಟೇ ಅವರ ವಿದ್ಯೆ. ಇಷ್ಟು ಸುಲಭದ್ದರಲ್ಲಿ ನಾನು ಸೋತದ್ದು ಅತಿ ಬುದ್ಧಿಯಿಂದ ಎಂದು ಆಗ ನಂಬಿದ್ದೆ. ಈಗ ಅದರಿಂದ ‘ಬುದ್ಧಿ’ಯನ್ನು ತೆಗೆದಿದ್ದೇನೆ.

ವೈದ್ಯನಿಗೆ ರೋಗಿ, ವಕೀಲನಿಗೆ ಯಾರು? ಒಮ್ಮೆ ಈ ಪ್ರಶ್ನೆ ಬಂತು. ಕಕ್ಷಿದಾರ ಎಂದು ಇಡೀ ಕ್ಲಾಸು ಹೇಳಿತು. ಇಡೀ ಕ್ಲಾಸು ಒಪ್ಪಿದ್ದನ್ನು ನಾನು ಒಪ್ಪಿದರೆ ನನ್ನ ಕಪ್ಪುಗಳ ಗತಿ ಏನು? ಎದ್ದು ನಿಂತು ನ್ಯಾಯಾಧೀಶ ಎಂದೆ. ವೈದ್ಯ ಕಹಿ ಮದ್ದನ್ನು ರೋಗಿಗೆ ಕುಡಿಸುತ್ತಾನೆ, ವಕೀಲ ಕಹಿ ವಾದವನ್ನು ನ್ಯಾಯಾಧೀಶರಿಗೆ ಕುಡಿಸುತ್ತಾನೆ ಎಂದು ಮಂಡಿಸಿದೆ. ಚಪ್ಪಾಳೆ ಬಿತ್ತು. ಆ ಹುರುಪಿನಲ್ಲಿ ಉಳಿದ ಎರಡು ಉತ್ತರಗಳ ಪರವಾಗಿಯೂ ವಾದಿಸಿದೆ. ಟೀಚರ್ ಪೂರ್ತಿ ಕೇಳಿದರು.

"ವಾದ ಚಂದ ಉಂಟು ಮಾರಾಯ್ತಿ. ಮಾರ್ಕು ಇಲ್ಲ. ಇಲ್ಲಿ ನಿನ್ನ ವಾಕ್ಯ ಯಾರಿಗೂ ಬೇಡ. ಪ್ರಶ್ನೆ ಹಾಕಿದವನ ತಲೆಯಲ್ಲಿ ಒಂದು ವಾಕ್ಯ ಉಂಟಲ್ಲ, ಅದನ್ನು ಹೇಳು."

ಅಂದಿನಿಂದ ನಾನು ಅವರಿಗೆ ‘ವಕೀಲ್ರು’. ಆ ವರ್ಷದ ಎಂಟ್ರೆನ್ಸಿನಲ್ಲಿ ನನ್ನ ಸ್ವಂತ ವಾಕ್ಯಗಳನ್ನೇ ನೆಚ್ಚಿಕೊಂಡು ಫೇಲಾದ ಮೇಲೂ ಅವರು ಆ ಹೆಸರು ಬಿಡಲಿಲ್ಲ.

ಆದರೆ ನಮಗೆಲ್ಲ ಕಲಿಸುತ್ತಿದ್ದ ಟೀಚರೂ ಪರೀಕ್ಷಾರ್ಥಿಯೇ. ಕ್ಲರ್ಕ್ ಪರೀಕ್ಷೆ ಬರೆಯುತ್ತಿದ್ದರು, ರ‍್ಯಾಂಕ್ ಪಟ್ಟಿಯಲ್ಲಿ ಹೆಸರು ಬರುತ್ತಿತ್ತು, ಅವರ ಸರದಿ ಬರುವ ಮೊದಲೇ ಪಟ್ಟಿಯ ಅವಧಿ ಮುಗಿಯುತ್ತಿತ್ತು. ಅವರ ಶಿಷ್ಯೆಯರು ಆಫೀಸುಗಳಲ್ಲಿ ಕೂತು ಅವರ ಅರ್ಜಿಗೇ ಸೀಲು ಹಾಕಿ ಕೊಡುತ್ತಿದ್ದರು. ವಯಸ್ಸಿನ ಮಿತಿ ಹತ್ತಿರ ಬಂದು, ಇದೇ ಕೊನೆಯದು ಎಂಬಂಥ ಪರೀಕ್ಷೆಗೆ ಅವರು ಕೂತರು.

ತಾತ್ಕಾಲಿಕ ಉತ್ತರಸೂಚಿ ಬಂದ ದಿನ ಟೀಚರ್ ನಮ್ಮ ಮನೆಗೆ ಬಂದರು. ಅಮ್ಮ ಕೊಟ್ಟ ಚಾ ಮುಟ್ಟಲಿಲ್ಲ. ಒಂದು ಉತ್ತರ ತಪ್ಪಾಗಿತ್ತು, ಮೈನಸ್ ಮಾರ್ಕು ಸೇರಿ ಅವರು ಪಟ್ಟಿಯ ಅಂಚಿನಿಂದ ಆಚೆ ಬೀಳುವ ಹಾಗಿತ್ತು. ದೋಣಿಗೆ ಹುಟ್ಟು, ಸೈಕಲಿಗೆ ಏನು? ಸೂಚಿಯಲ್ಲಿ ಪೆಡಲ್. ಟೀಚರ್ ಗುರುತು ಹಾಕಿದ್ದು ಹ್ಯಾಂಡಲಿಗೆ. ಪದಗಳ ಜೋಡಿಯ ಪ್ರಶ್ನೆಯಲ್ಲಿ, ಸುಹರಾ ಟೀಚರಿಗೆ ತಪ್ಪು!

"ನಮ್ಮ ಉಪ್ಪ ಕಡವಿನಲ್ಲಿ ದೋಣಿ ದಾಟಿಸುವಾಗ ಬಿದಿರಿನ ಗಳ ಊರಿ ತಳ್ಳುತ್ತಿದ್ದದ್ದು," ಎಂದರು ತಂದೆಯನ್ನು ನೆನೆದು. "ಹೊಳೆಯಲ್ಲಿ ಆಳ ಎಲ್ಲುಂಟು? ಹುಟ್ಟು ಹಿಂದೆ ಕೂತವನ ಕೈಯಲ್ಲಿ, ದೋಣಿ ತಿರುಗಿಸ್ಲಿಕ್ಕೆ ಮಾತ್ರ. ನೀನು ಎಂತಾದರೂ ವಾದ ಮಾಡಿ ಬರೆದು ಕೊಡು ವಕೀಲ್ರೇ."

ಇಷ್ಟು ದಿನ ನನ್ನ ಬಾಯಿ ಮುಚ್ಚಿಸಿದವರು ಈಗ ಅದೇ ಬಾಯಿಯನ್ನು ಹುಡುಕಿಕೊಂಡು ಬಂದಿದ್ದರು. ನನ್ನ ಎದೆ ಎಷ್ಟು ಉಬ್ಬಿತೆಂದು ಬರೆಯಲು ನಾಚಿಕೆಯಾಗುತ್ತದೆ. ಊಟ ಬಿಟ್ಟು ಸೂಚಿಯ ವಿರುದ್ಧ ಆಕ್ಷೇಪಣೆ ಬರೆದೆ. ಪೀಠಿಕೆ, ಪೂರ್ವಪಕ್ಷ, ಖಂಡನೆ, ಕರಾವಳಿಯ ಹೊಳೆಗಳ ಸ್ವಭಾವ, ಕೊನೆಗೆ ಕಣ್ಣೀರು ತರಿಸುವ ಉಪಸಂಹಾರ. ಪುಟಗಟ್ಟಲೆ ಓದಿದ ಟೀಚರ್ ಅದರ ಮೇಲೆ ಅಂಗೈ ಇಟ್ಟರು.

"ಒಂದು ವಾಕ್ಯ ಮಾಡು."

ಮುನಿಸಿನಿಂದಲೇ ಮಾಡಿದೆ: ಆಳವಿಲ್ಲದ ಹೊಳೆಯಲ್ಲಿ ದೋಣಿಯನ್ನು ತಳ್ಳುವುದು ಗಳ, ತಿರುಗಿಸುವುದು ಹುಟ್ಟು, ಆದ್ದರಿಂದ ಹ್ಯಾಂಡಲೂ ಸರಿ. ಅಷ್ಟನ್ನೇ ಕಳಿಸಿದೆವು. ಅಂತಿಮ ಸೂಚಿಯಲ್ಲಿ ಆ ಪ್ರಶ್ನೆಯನ್ನೇ ರದ್ದು ಮಾಡಿದ್ದರು. ಕಾರಣ ಹೇಳಿರಲಿಲ್ಲ. ಬೇರೆ ಯಾರ ಆಕ್ಷೇಪಣೆ ಏನಿತ್ತೋ, ನಮ್ಮದನ್ನು ಓದಿದರೋ ಇಲ್ಲವೋ, ಯಾರಿಗೆ ಗೊತ್ತು. ಟೀಚರ್ ಪಟ್ಟಿಯೊಳಗೆ ಉಳಿದರು, ಈ ಸಲ ಅವಧಿ ಮುಗಿಯುವ ಮೊದಲೇ ಕರೆಯೂ ಬಂತು. ಒಂದು ವೇಳೆ ವಾದ ಗೆದ್ದಿದ್ದರೂ, ನನ್ನ ಭಾಗವನ್ನೆಲ್ಲ ತೆಗೆದುಹಾಕಿದ ಮೇಲೆ ಗೆದ್ದ ವಾದ ಅದು. ಅಮ್ಮನಿಗೆ ಇದನ್ನು ವಿವರಿಸಿ ನೋಡಿದೆ. ನಿನಗೆ ವಿನಯ ಯಾವಾಗ ಬಂತು ಎಂದು ಕೇಳಿದರು.

ಬೇಕರಿಯ ಮೇಲಿನ ಕೋಣೆಗೆ ಈಗ ಬೀಗ. ಎರಡನೆಯ ಸಲ ನಾನು ಬಾಯಿ ಮುಚ್ಚಿ, ಪ್ರಶ್ನೆ ಹಾಕಿದವನ ವಾಕ್ಯಗಳನ್ನೇ ಹೇಳಿಕೊಂಡು ಬರೆದೆ, ಸೀಟು ಸಿಕ್ಕಿತು. ಮೊನ್ನೆ ವರಮಾನದ ಸರ್ಟಿಫಿಕೇಟಿಗೆಂದು ವಿಲ್ಲೇಜ್ ಆಫೀಸಿಗೆ ಹೋದಾಗ ಕೌಂಟರಿನ ಆಚೆ ಟೀಚರ್ ಕೂತಿದ್ದರು. ಸೀಮೆಸುಣ್ಣ ಇರಲಿಲ್ಲ, ಬೆರಳಿಗೆ ಸೀಲಿನ ಶಾಯಿ ಹತ್ತಿತ್ತು. "ಎಂತ ವಕೀಲ್ರೇ, ಸೀಟು ಸಿಕ್ಕಿತಂತೆ," ಎಂದು ನಕ್ಕು ನನ್ನ ಅರ್ಜಿಯ ಮೇಲೆ ಎಡ ಅಂಗೈ ಇಟ್ಟರು. ನನ್ನ ಹಿಂದಿನ ಸಾಲಿನಲ್ಲಿ ಗೊಣಗಾಟ ಶುರುವಾಯಿತು. ಎಷ್ಟೋ ದಿನದಿಂದ ಗಂಟಲಲ್ಲಿದ್ದದ್ದನ್ನು ಅಲ್ಲೇ ಕೇಳಿಬಿಟ್ಟೆ.

"ಟೀಚರೇ, ಪ್ರಶ್ನೆ ಹಾಕಿದವನ ತಲೆಯಲ್ಲಿದ್ದದ್ದು ಪೆಡಲ್ ಅಂತ ನಿಮಗೆ ಪರೀಕ್ಷೆಯ ದಿನವೇ ಗೊತ್ತಿತ್ತಲ್ಲ? ಗೊತ್ತಿದ್ದೂ ಉಪ್ಪನ ದೋಣಿಗೇ ಗುರುತು ಹಾಕಿದ್ದಾ?"